ಕಪ್ಪು-ಬಿಳುಪಿನಲ್ಲಿ ಬಾಲಲೀಲೆ

ಕೋಗಳಿ ನಾಡಿನ ಹಳೆಯ ಮನೆಗಳ ಪಡಸಾಲೆಯಲ್ಲಿ ಕುಳಿತು ತಲೆಯೆತ್ತಿ ನೋಡಿದರೆ, ತೊಲೆಯ ಕೆಳಗೆ ತುಸು ಮುಂದಕ್ಕೆ ಬಾಗಿಸಿ ಸಾಲಾಗಿ ತೂಗುಹಾಕಿದ ಛಾಯಾಚಿತ್ರಗಳು ಕಾಣುತ್ತವೆ. ಮೊದಲು ಮಠದ ಪೂಜ್ಯರದು. ಅನಂತರ ಲಿಂಗೈಕ್ಯರಾದ ಅಜ್ಜ ಅಜ್ಜಿಯರದು. ಆಮೇಲೆ ಮನೆಯ ಹಿರಿಯ ಮಗನ ಮದುವೆಯದು. ಸಾಲಿನ ಕೊನೆಯಲ್ಲಿ ಎಲ್ಲೋ ಒಂದು ಮಗು. ಸ್ಟುಡಿಯೋದ ಎತ್ತರದ ಸ್ಟೂಲಿನ ಮೇಲೆ, ಹಿಂದೆ ಬಣ್ಣದಲ್ಲಿ ಬರೆದ ಉದ್ಯಾನವನದ ಪರದೆ, ಕೆನ್ನೆಯ ಮೇಲೆ ದೃಷ್ಟಿಬೊಟ್ಟು, ಹಣೆಯಲ್ಲಿ ಮೂರು ಎಳೆ ವಿಭೂತಿ, ಅಗಲವಾಗಿ ತೆರೆದ ಅಂಜಿದ ಕಣ್ಣು. ಕೈಯಲ್ಲಿ ಒಂದು ಆಟಿಕೆಯೂ ಇದ್ದೀತು. ಆದರೆ ಅದು ಸ್ಟುಡಿಯೋದವರ ಆಟಿಕೆ, ಚಿತ್ರ ತೆಗೆದ ಮರುಕ್ಷಣವೇ ಹಿಂದಕ್ಕೆ ಪಡೆಯಲ್ಪಟ್ಟದ್ದು. ಶಾಸನಗಳು ‘ಕೋಗಳಿ ಐನೂರು’ ಎಂದು ಕರೆದ ನಾಡಿನ ನೆಲದಲ್ಲಿ ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿವೆ; 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಇವು ಸೇರಿವೆ. ಈ ಊರುಗಳಲ್ಲಿ ಪುರಾಣ ಪ್ರವಚನಗಳ ನಿಮಿತ್ತ ಹಲವಾರು ವರ್ಷ ಸಂಚರಿಸಿದ ನಾವು ಇಂತಹ ಗೋಡೆಗಳನ್ನು ನೂರಾರು ಕಂಡಿದ್ದೇವೆ. ಗೋಡೆಯ ಮೇಲೆ ಆಡುತ್ತಿರುವ ಮಗುವನ್ನು ಮಾತ್ರ ಬಹಳ ಅಪರೂಪಕ್ಕೆ ಕಂಡಿದ್ದೇವೆ.

ಇದು ಸಣ್ಣ ಸಂಗತಿಯೆಂದು ಓದುಗ ಬಂಧುಗಳು ಭಾವಿಸಬಾರದು. ಮಗುವಿಗೆ ಆಟ ಬಿಟ್ಟು ಬೇರೆ ಕೆಲಸ ಯಾವುದಿದೆ? ಅದನ್ನೇ ಬಿಟ್ಟು ತೆಗೆದ ಮಗುವಿನ ಚಿತ್ರವೆಂದರೆ, ನೇಗಿಲು ಹಿಡಿದ ಒಕ್ಕಲಿಗನ ಕೈಯಿಂದ ನೇಗಿಲನ್ನು ಬಿಡಿಸಿ ಕೋಟು ತೊಡಿಸಿ ನಿಲ್ಲಿಸಿದಂತೆ. ಚೆಲುವೇನೋ ಇದೆ, ಆದರೆ ಅವನು ಅವನಲ್ಲ.

ಹೀಗೇಕಾಯಿತು? ಅಂದಿನ ಸಾಮಾನ್ಯ ಮನೆತನಕ್ಕೆ ಒಂದು ಚಿತ್ರದ ವೆಚ್ಚ ಸಣ್ಣದಾಗಿರಲಿಲ್ಲ. ಎತ್ತಿನ ಬಂಡಿಯಲ್ಲಿ ಪೇಟೆಗೆ ಹೋಗಬೇಕು, ಹೊಸ ಅಂಗಿ ತೊಡಿಸಬೇಕು, ಕಾಯಬೇಕು. ಅಷ್ಟು ಖರ್ಚು ಮಾಡಿದ ಮೇಲೆ ಧೂಳು ಮೆತ್ತಿದ ಮೊಣಕಾಲು ಯಾರಿಗೆ ಬೇಕು? ಚಿತ್ರವೆಂಬುದು ಗೌರವದ ವಸ್ತು, ಆಟವೆಂಬುದು ಹೊತ್ತುಗಳೆಯುವ ವಸ್ತು ಎಂಬ ಭಾವನೆ ಮನೆಮಾಡಿತ್ತು. ಇದರ ಮೇಲೆ, ಚಿತ್ರ ತೆಗೆಸಿದರೆ ಮಗುವಿನ ಆಯುಷ್ಯ ಕುಂದುತ್ತದೆ ಎಂಬ ಅಂಜಿಕೆ. ಹಡೆದ ಮಕ್ಕಳಲ್ಲಿ ಅರ್ಧವನ್ನು ಮಣ್ಣಿಗಿಟ್ಟ ತಾಯಂದಿರ ಅಂಜಿಕೆ ಅದು. ಅದನ್ನು ಮೌಢ್ಯವೆಂದು ನಗುವುದು ನಮಗೆ ಒಪ್ಪಿಗೆಯಿಲ್ಲ.

ಆದರೆ ಆಟವನ್ನು ಹಗುರವೆಂದು ಕಾಣುವುದು ನಮ್ಮ ಪರಂಪರೆಯ ದೃಷ್ಟಿಯಲ್ಲ. ಹದಿನೈದನೆಯ ಶತಮಾನದ ಚಾಮರಸನು ಅಲ್ಲಮಪ್ರಭುವಿನ ಚರಿತ್ರೆಯನ್ನು ಬರೆದಾಗ ಅದಕ್ಕೆ ‘ಪ್ರಭುಲಿಂಗಲೀಲೆ’ ಎಂದೇ ಹೆಸರಿಟ್ಟನು. ಶೂನ್ಯಸಿಂಹಾಸನವನ್ನೇರಿದ ಮಹಾಜ್ಞಾನಿಯ ಬದುಕಿಗೆ ಕವಿಗೆ ಹೊಳೆದ ಶಬ್ದ ‘ಲೀಲೆ’, ಎಂದರೆ ಆಟ. ನಮ್ಮ ನೆರೆಯ ಹಂಪೆಯ ಹರಿಹರನು ಹಾಡಿದ ಕೋಳೂರ ಕೊಡಗೂಸಿನ ಕಥೆಯನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ತಂದೆ ಊರಲ್ಲಿಲ್ಲದಾಗ ಶಿವನಿಗೆ ಹಾಲನ್ನು ಒಯ್ದ ಆ ಎಳೆಯ ಹುಡುಗಿ, ಶಿವ ಕುಡಿಯಲಿಲ್ಲವೆಂದು ಅತ್ತು ಕರೆದು ಕುಡಿಸಿಯೇ ಬಿಟ್ಟಳು. ಅವಳಿಗೆ ಆಟ ಬೇರೆ, ಪೂಜೆ ಬೇರೆ ಎಂಬುದು ತಿಳಿದಿರಲಿಲ್ಲ. ತಿಳಿದ ದೊಡ್ಡವರು ಒಯ್ದ ಹಾಲು ಬಟ್ಟಲಲ್ಲಿಯೇ ಉಳಿಯುತ್ತಿತ್ತು!

ಇನ್ನು ಯಂತ್ರದ ಮಾತು. 1839ರಲ್ಲಿ ಫ್ರಾನ್ಸಿನಲ್ಲಿ ಛಾಯಾಗ್ರಹಣದ ವಿಧಾನವು ಬಹಿರಂಗವಾದಾಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಅಲುಗದೆ ಕೂರಬೇಕಾಗಿತ್ತು. ಮಕ್ಕಳು ಕೂರುವರೇ? ಯುರೋಪಿನ ಸ್ಟುಡಿಯೋಗಳಲ್ಲಿ ತಾಯಿಯ ಮೇಲೆ ಬಟ್ಟೆ ಹೊದಿಸಿ, ಅವಳನ್ನು ಕುರ್ಚಿಯಂತೆ ಮರೆಮಾಡಿ, ಅವಳ ತೊಡೆಯ ಮೇಲೆ ಮಗುವನ್ನು ಕೂರಿಸಿ ಚಿತ್ರ ತೆಗೆಯುತ್ತಿದ್ದರು. ಮುಂದೆ ಫಿಲ್ಮು ಚುರುಕಾಯಿತು. ನಮ್ಮ ದೇಶದಲ್ಲಿ 1960-70ರ ದಶಕಗಳಲ್ಲಿ ಮಧ್ಯಮವರ್ಗದ ಕೈಗೆ ಬಂದ ಡಬ್ಬಿ ಕ್ಯಾಮೆರಾಗಳ ಕಿಂಡಿ ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆಯುತ್ತಿತ್ತು. ಕೇಳಲು ಇದು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ. ಆದರೆ ಸೆಕೆಂಡಿಗೆ ಮೂರು ಮೀಟರು ಓಡುವ ಹುಡುಗ ಅಷ್ಟರಲ್ಲಿಯೇ ಹತ್ತು ಸೆಂಟಿಮೀಟರು ಮುಂದೆ ಹೋಗಿರುತ್ತಾನೆ; ಕಾಗದದ ಮೇಲೆ ಅವನ ಕಾಲು ಹೊಗೆಯಾಗಿ ಮೂಡುತ್ತದೆ. ಐನೂರನೆಯ ಒಂದು ಭಾಗದಲ್ಲಿ ತೆರೆದು ಮುಚ್ಚುವ ಒಳ್ಳೆಯ ಕ್ಯಾಮೆರಾದಲ್ಲಿ ಅವನು ಚಲಿಸುವುದು ಆರೇ ಮಿಲಿಮೀಟರು. ಅಂತಹ ಕ್ಯಾಮೆರಾ ನಮ್ಮ ಹಳ್ಳಿಗಳಲ್ಲಿ ಯಾರ ಬಳಿ ಇತ್ತು? ಒಂದು ರೀಲಿಗೆ ಹನ್ನೆರಡು ಚಿತ್ರ. ಹನ್ನೆರಡರಲ್ಲಿ ಒಂದನ್ನು ಹೊಗೆಗೆ ಚೆಲ್ಲಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಹಾಗಾಗಿ ‘ಅಲುಗಬೇಡ’ ಎಂಬುದೇ ಛಾಯಾಗ್ರಾಹಕನ ಮಂತ್ರವಾಯಿತು.

ಈ ಮಂತ್ರವನ್ನು ಬಿಟ್ಟುಕೊಟ್ಟ ಕನ್ನಡಿಗರಲ್ಲಿ ಹಿರಿಯರು ಮೈಸೂರಿನ ಟಿ.ಎಸ್. ಸತ್ಯನ್ (1923-2009). ಮಹಾರಾಜ ಕಾಲೇಜಿನಲ್ಲಿ ಓದಿ, 1948ರಲ್ಲಿ ಹೊಸದಾಗಿ ಆರಂಭವಾದ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಛಾಯಾಗ್ರಾಹಕರಾಗಿ, ಅನಂತರ ಮುಂಬಯಿಯ ‘ಇಲಸ್ಟ್ರೇಟೆಡ್ ವೀಕ್ಲಿ’ಯಲ್ಲಿ ದುಡಿದು, ಆಮೇಲೆ ಸ್ವತಂತ್ರವಾಗಿ ದೇಶವನ್ನೆಲ್ಲ ಸುತ್ತಿದವರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕಾರ್ಯವನ್ನು, ಯುನಿಸೆಫ್ ಸಂಸ್ಥೆಗಾಗಿ ಮಕ್ಕಳ ಬದುಕನ್ನು ಅವರು ಚಿತ್ರಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. 1979ನ್ನು ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿದಾಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಪ್ರಧಾನ ಕಚೇರಿಯಲ್ಲಿ ಪ್ರದರ್ಶಿತವಾದದ್ದು ಈ ಮೈಸೂರಿಗರು ತೆಗೆದ ಮಕ್ಕಳ ಚಿತ್ರಗಳು. ಸತ್ಯನ್ ಅವರ ಮುಖ್ಯ ಸಾಧನೆಯೆಲ್ಲ ಕಪ್ಪು-ಬಿಳುಪಿನಲ್ಲಿಯೇ ಇದೆ.

ಅವರ ಮಕ್ಕಳನ್ನು ನೋಡಿದಾಗ ನಮಗೆ ಮೊದಲು ತೋರುವುದು, ಯಾರೂ ಅವರಿಗೆ ‘ಇಲ್ಲಿ ನೋಡು’ ಎಂದಿಲ್ಲ ಎಂಬುದು. ಮಗು ತನ್ನ ಕೆಲಸದಲ್ಲಿದೆ. ಛಾಯಾಗ್ರಾಹಕ ತನ್ನ ಕೆಲಸದಲ್ಲಿದ್ದಾನೆ. ಅಂಗಿ ಹರಿದಿರಬಹುದು, ಕಾಲಿಗೆ ಕೆರವಿಲ್ಲದಿರಬಹುದು. ಬಡತನ ಕಾಣುತ್ತದೆ, ದೈನ್ಯ ಕಾಣುವುದಿಲ್ಲ. ಬಡವರ ಮಗುವನ್ನು ಕರುಣೆಯ ಕಣ್ಣಿನಿಂದ ತೆಗೆದ ಚಿತ್ರಗಳು ಲೋಕದಲ್ಲಿ ರಾಶಿಯಾಗಿ ಬಿದ್ದಿವೆ. ಆ ಕರುಣೆಯಲ್ಲಿ ಒಂದು ಬಗೆಯ ಅಹಂಕಾರವಿರುತ್ತದೆ. ಆಡುತ್ತಿರುವ ಮಗುವಿಗೆ ಕರುಣೆ ಬೇಡ, ಜಾಗ ಬೇಕು. ಅದನ್ನು ಸತ್ಯನ್ ಅರಿತಿದ್ದರು ಎಂದು ನಮ್ಮ ಅಭಿಪ್ರಾಯ. ಹೊರನಾಡುಗಳಲ್ಲಿಯೂ ಹೀಗೆ ಅರಿತವರಿದ್ದರು. 1933ರಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿ, ಒಡೆದ ಗೋಡೆಯ ಕಂಡಿಯ ಆಚೆ ಪಾಳುಬಿದ್ದ ಜಾಗದಲ್ಲಿ ಆಡುತ್ತಿದ್ದ ಮಕ್ಕಳನ್ನು ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೊನ್ ಸೆರೆಹಿಡಿದರು. ಅವರಲ್ಲಿ ಒಬ್ಬ ಊರುಗೋಲಿನ ಹುಡುಗ. ಅವನೂ ಆಟದಲ್ಲಿಯೇ ಇದ್ದಾನೆ. ನ್ಯೂಯಾರ್ಕಿನ ಬೀದಿಮಕ್ಕಳ ಆಟವನ್ನು, ಅವರು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದ ಗೀಟುಗಳನ್ನು ಹೆಲೆನ್ ಲೆವಿಟ್ ಎಂಬ ಮಹಿಳೆ ವರ್ಷಗಟ್ಟಲೆ ಚಿತ್ರಿಸಿದರು. ಆಡುವುದು ಮಗುವಿನ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ಸಾರುತ್ತದೆ. ಭಾರತವು 1992ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿತು.

ಇಷ್ಟು ದೂರವೇಕೆ, ನಮ್ಮ ಕೂಡ್ಲಿಗಿಯ ಪಕ್ಕದ ಸಂಡೂರಿನಲ್ಲಿಯೇ ಎಂ.ವೈ. ಘೋರ್ಪಡೆಯವರು (1931-2011) ಇದ್ದರು. ಅರಸುಮನೆತನದವರು, ರಾಜ್ಯದ ಹಣಕಾಸು ಸಚಿವರಾಗಿದ್ದವರು, ಜೊತೆಗೆ ವನ್ಯಜೀವಿಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವುದರಲ್ಲಿ ಹೆಸರಾದವರು. ಆನೆ ಚಿರತೆಗಳಿಗಾಗಿ ಕಾಡಿನಲ್ಲಿ ಕಾದು ಕುಳಿತ ಕ್ಯಾಮೆರಾ ನಮ್ಮ ನೆರೆಯಲ್ಲಿಯೇ ಇತ್ತು. ಕೇರಿಯ ಮಕ್ಕಳ ಬುಗುರಿಗಾಗಿ ಅಷ್ಟು ತಾಳ್ಮೆಯಿಂದ ಕಾದವರು ನಮ್ಮ ಕಡೆ ಇದ್ದರೆಂದು ನಾವು ಕೇಳಿಲ್ಲ.

ಬಣ್ಣವಿಲ್ಲದ ಚಿತ್ರದಲ್ಲಿ ಅಂಥದೇನಿದೆ ಎಂದು ಇಂದಿನ ಮಕ್ಕಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಫಿಲ್ಮಿನ ಮೇಲೆ ಲೇಪಿಸಿದ ಬೆಳ್ಳಿಯ ಲವಣದ ಕಣಗಳು ಬೆಳಕು ತಾಗಿದಲ್ಲಿ ಮಾರ್ಪಡುತ್ತವೆ. ಡೆವಲಪರ್ ದ್ರಾವಣದಲ್ಲಿ ಅವು ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ತಾಗದ ಕಣಗಳನ್ನು ಹೈಪೊ ತೊಳೆದುಹಾಕುತ್ತದೆ. ಹೀಗೆ ಬೆಳಗಿದ್ದು ಕಪ್ಪಾಗಿ, ಕಪ್ಪಾದದ್ದು ಬೆಳಗಾಗಿ ನೆಗೆಟಿವ್ ಸಿದ್ಧವಾಗುತ್ತದೆ. ಕತ್ತಲಕೋಣೆಯ ಕೆಂಪು ದೀಪದಡಿ ಅದನ್ನು ಕಾಗದಕ್ಕೆ ಇಳಿಸಿದಾಗ ಲೋಕವು ಮತ್ತೆ ನೆಟ್ಟಗಾಗುತ್ತದೆ. ತಟ್ಟೆಯ ನೀರಿನಲ್ಲಿ ಬರಿಯ ಬಿಳಿಯ ಹಾಳೆಯೊಳಗಿಂದ ಮುಖವೊಂದು ಮೆಲ್ಲಗೆ ಎದ್ದುಬರುವುದನ್ನು ನಾವು ಒಮ್ಮೆ ಸ್ಟುಡಿಯೋ ಒಂದರಲ್ಲಿ ನೋಡಿದೆವು. ಬಯಲೊಳಗಿಂದ ರೂಪು ಮೂಡುವುದೆಂಬ ಮಾತನ್ನು ಮಠದಲ್ಲಿ ಪಾಠವಾಗಿ ಕಲಿತಿದ್ದೆವು. ಕಣ್ಣಾರೆ ಕಂಡದ್ದು ಅಂದು. ಬಣ್ಣವಿದ್ದರೆ ಕಣ್ಣು ಮೊದಲು ಅಂಗಿಗೆ ಹೋಗುತ್ತದೆ. ಬಣ್ಣ ತೆಗೆದ ಮೇಲೆ ಉಳಿಯುವುದು ಮೈಯ ಬಾಗು, ಬೆರಳಿನ ಬಿಗಿ, ಎದ್ದ ಧೂಳಿನ ಮೇಲೆ ಬಿದ್ದ ಸಂಜೆಯ ಬೆಳಕು. ಆಟವಿರುವುದು ಅಲ್ಲಿಯೇ. ನಮ್ಮ ಲಾಂಛನಗಳಾದರೂ ಎಂಥವು? ಬಿಳಿಯ ವಿಭೂತಿ, ಕಪ್ಪು ಲೇಪದ ಇಷ್ಟಲಿಂಗ. ಕಪ್ಪು-ಬಿಳುಪು ನಮಗೆ ಪರಕೀಯವಾಗಬೇಕಾಗಿಲ್ಲ.

ಎಂತೆಂತಹ ಆಟಗಳಿದ್ದವು ಈ ನಾಡಿನಲ್ಲಿ! ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಜೇಡಿಮಣ್ಣಿನಲ್ಲಿ ಎತ್ತು, ಗ್ವಾದಲಿ ಮಾಡುವ ಮಕ್ಕಳು. ನಾಗರಪಂಚಮಿಗೆ ಬೇವಿನ ಮರಕ್ಕೆ, ಮನೆಯ ತೊಲೆಗೆ ಕಟ್ಟಿದ ಜೋಕಾಲಿ. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುವ ಹುಡುಗರು. ಗುಡಿಯ ಕಟ್ಟೆಯ ಕಲ್ಲುಹಾಸಿನಲ್ಲಿಯೇ ಕೊರೆದ ಹುಲಿ-ಕುರಿಯ ಮನೆಗಳು. ಚಿಣಿಕೋಲು, ಲಗೋರಿ, ಗೋಲಿ, ಕುಂಟಾಟ, ಚೌಕಾಬಾರ. ಸುಗ್ಗಿಯಾದ ಮೇಲೆ ಜೋಳದ ದಂಟಿನ ಬೆಂಡಿನಲ್ಲಿ ಮಾಡಿದ ಬಂಡಿ. ಕೊಟ್ಟೂರೇಶ್ವರನ ತೇರು ಎಳೆದ ಮರುದಿನದಿಂದ ಓಣಿ ಓಣಿಗಳಲ್ಲಿ ಪುಟ್ಟ ತೇರುಗಳು. ಹರಕು ಸೀರೆಯ ಅಂಚೇ ಪತಾಕೆ, ಹಿತ್ತಾಳೆಯ ಲೋಟವೇ ಕಳಸ. ಒಬ್ಬ ಹುಡುಗ ಅಯ್ಯನವರಾಗಿ ತೇರಿನ ಮುಂದೆ ಗಂಭೀರವಾಗಿ ನಡೆಯಬೇಕು. ಆ ಪಾತ್ರಕ್ಕೆ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ನಾವು ಹಗ್ಗ ಎಳೆಯುವ ಪೈಕಿ.

ಈ ಆಟಗಳು ನಡೆದ ಜಾಗಗಳಲ್ಲಿಯೂ ಕೆಲವು ಇಂದು ಇಲ್ಲ. 1945ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದಿತು, 1953ರ ಹೊತ್ತಿಗೆ ನೀರು ನಿಂತಿತು. ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಯ ಎಷ್ಟೋ ನೆಲ ಹಿನ್ನೀರಿನ ಪಾಲಾಯಿತು. ನಾರಾಯಣದೇವರಕೆರೆಯ ಜನ ಊರನ್ನೇ ಬಿಟ್ಟು ಮರಿಯಮ್ಮನಹಳ್ಳಿಗೆ ಬಂದರು. ಅಣೆಕಟ್ಟೆ ಏಳುತ್ತಿದ್ದ ಕಾಲದ ಚಿತ್ರಗಳು ಇವೆ: ಕಲ್ಲು, ಕ್ರೇನು, ಎಂಜಿನಿಯರುಗಳು. ಮುಳುಗಿದ ಬೀದಿಯಲ್ಲಿ ಬುಗುರಿ ಬಿಡುತ್ತಿದ್ದ ಒಬ್ಬ ಹುಡುಗನ ಚಿತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ಆ ಊರುಗಳ ಹಿರಿಯರು ತಮ್ಮ ಊರನ್ನು ನೆನೆಯುವುದು ಮಾತ್ರ ಆಟದ ಜಾಗಗಳಿಂದಲೇ. ಅಗಸಿಯ ಮುಂದಿನ ಬಯಲು, ಗುಡಿಯ ಹಿಂದಿನ ಹುಣಸೆಮರ, ಬಾವಿಯ ಮೆಟ್ಟಿಲು. ನೆನೆಯುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಹಾಗೆಂದು ಆಟದ ಚಿತ್ರಗಳು ಇಲ್ಲವೇ ಇಲ್ಲವೆಂದಲ್ಲ. ಅವು ಗೋಡೆಗೇರಿಲ್ಲ, ಅಷ್ಟೆ. ಟ್ರಂಕಿನ ತಳದಲ್ಲಿ, ಹಳೆಯ ಪಂಚಾಂಗಗಳ ನಡುವೆ, ಬಿಸ್ಕತ್ತಿನ ಡಬ್ಬಿಯಲ್ಲಿ ಇವೆ. ಧಾರವಾಡದಲ್ಲೋ ಬಳ್ಳಾರಿಯಲ್ಲೋ ಓದುತ್ತಿದ್ದ ಮನೆಯ ಹುಡುಗನೊಬ್ಬ ಗೆಳೆಯನ ಕ್ಯಾಮೆರಾ ತಂದು, ರೀಲಿನಲ್ಲಿ ಉಳಿದ ಒಂದೆರಡು ಚಿತ್ರಗಳನ್ನು ಮುಗಿಸಲೆಂದು ಬೀದಿಯ ಮಕ್ಕಳ ಮೇಲೆ ಖರ್ಚು ಮಾಡಿರುತ್ತಾನೆ. ಅಂತಹ ಉಳಿಕೆಯ ಚಿತ್ರಗಳಲ್ಲಿ ಒಂದನ್ನು ಹಡಗಲಿಯ ಕಡೆಯ ಒಂದು ಮನೆಯಲ್ಲಿ ನಾವು ನೋಡಿದೆವು.

ಅಂಗೈಯಗಲದ ಕಾಗದ, ಸುತ್ತ ಬಿಳಿಯ ಅಂಚು. ಓಣಿಯ ನಡುವೆ ನಾಲ್ವರು ಹುಡುಗರು ಬೆಂಡಿನ ತೇರೊಂದನ್ನು ಎಳೆಯುತ್ತಿದ್ದಾರೆ. ಮುಂದಿನವನ ಒಂದು ಕಾಲು ಹೊಗೆಯಾಗಿದೆ. ಎರಡನೆಯವನ ಅಂಗಿಯಿಲ್ಲದ ಎದೆಯ ಮೇಲೆ ಲಿಂಗದ ವಸ್ತ್ರ ಜೋತಾಡುತ್ತ ಓರೆಯಾಗಿದೆ. ಮೂರನೆಯವನು ಬಾಯಿ ತೆರೆದು ಕೂಗುತ್ತಿದ್ದಾನೆ, ‘ಹರಹರ’ ಎಂದಿರಬೇಕು. ನಾಲ್ಕನೆಯವನು ಎಲ್ಲರಿಗಿಂತ ಹಿಂದೆ, ತೇರು ಬೀಳದಂತೆ ಎರಡೂ ಕೈಯಿಂದ ಹಿಡಿದು ಬಾಗಿದ್ದಾನೆ. ತೇರನ್ನು ಕಟ್ಟಿದವನು ಅವನೇ ಇರಬೇಕೆಂದು ಅವನ ಮುಖವೇ ಹೇಳುತ್ತದೆ. ಕಟ್ಟಿದವನಿಗಲ್ಲದೆ ಉಳಿದವರಿಗೆ ಆ ಆತಂಕವಿರುವುದಿಲ್ಲ. ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲ.

ಆ ಮನೆಯ ಹಿರಿಯ ತಾಯಿಗೆ ಎಂಬತ್ತೈದು ದಾಟಿದೆ. ಅವರ ಮೈದುನ ತೆಗೆದ ಚಿತ್ರವದು, 1968ರ ಆಸುಪಾಸಿನದು. ಅವರು ಕನ್ನಡಕ ಸರಿಪಡಿಸಿಕೊಂಡು ಮೂವರ ಹೆಸರನ್ನು ತಡವರಿಸದೆ ಹೇಳಿದರು. ಒಬ್ಬ ಮಾಸ್ತರನಾಗಿ ನಿವೃತ್ತನಾದ. ಒಬ್ಬ ಹೊಸಪೇಟೆಯಲ್ಲಿ ಅಂಗಡಿ ಇಟ್ಟ. ಒಬ್ಬ ಅವರ ಸ್ವಂತ ಮಗ, ಈಗಿಲ್ಲ. ನಾಲ್ಕನೆಯವನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. “ಅಂವ ಕೆಳಗಿನ ಕೇರಿಯಾಂವ. ಹೆಸರು ಬಾಯಿಗೆ ಬರವಲ್ದು” ಎಂದರು. ಮತ್ತೆ ತಾವೇ ಹೇಳಿದರು: “ಆಟಕ್ಕ ಬರ್ತಿದ್ದ ಅಯ್ಯನೋರೆ. ಮನಿ ಒಳಾಕ ಬರ್ತಿದ್ದಿಲ್ಲ.”

ಬರುತ್ತಿರಲಿಲ್ಲವೋ, ಬರಗೊಡುತ್ತಿರಲಿಲ್ಲವೋ ಎಂದು ನಾವು ಕೇಳಲಿಲ್ಲ. ಆ ತಾಯಿಯ ಕಣ್ಣಿನಲ್ಲಿ ಉತ್ತರವಿತ್ತು. ಆ ಮನೆಯ ಗೋಡೆಯ ಮೇಲೆ ಬಸವಣ್ಣನವರ ಪಟವಿದೆ. ಕುಲವನ್ನೆಣಿಸದ ಶರಣರ ಪುರಾಣವನ್ನು ಅದೇ ಊರಿನಲ್ಲಿ ಹೇಳಿದವರು ನಾವು. ದೊಡ್ಡವರ ಗೋಡೆಯ ಚಿತ್ರಗಳನ್ನಷ್ಟೇ ನೋಡಿದವನಿಗೆ ಆ ಓಣಿಯಲ್ಲಿ ಒಂದೇ ಜಾತಿಯ ಜನರಿದ್ದರೆಂದು ತೋರುತ್ತದೆ. ಮದುವೆಯ ಚಿತ್ರದಲ್ಲಿ, ಗುರುಗಳ ಪಾದಪೂಜೆಯ ಚಿತ್ರದಲ್ಲಿ ಕೆಳಗಿನ ಕೇರಿಗೆ ಜಾಗವಿಲ್ಲ. ಆಟದ ಚಿತ್ರ ಸುಳ್ಳಾಡಲಿಲ್ಲ. ಮೂವರು ಎಳೆದ ತೇರನ್ನು ಕಟ್ಟಿದವನು ನಾಲ್ಕನೆಯವನೆಂಬುದು ಅದರಲ್ಲಿ ಬೆಳ್ಳಿಯ ಕಣಗಳಲ್ಲಿ ಕೂತಿದೆ. ಇಂತಹ ಚಿತ್ರಗಳು ಗೋಡೆಗೇರದೆ ಡಬ್ಬಿಯಲ್ಲಿ ಉಳಿದುದಕ್ಕೆ ಬಡತನ, ಯಂತ್ರಗಳಷ್ಟೇ ಕಾರಣವೇ ಎಂಬ ಅನುಮಾನ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಇನ್ನು ಡಬ್ಬಿಯಲ್ಲಿರುವುದನ್ನು ಉಳಿಸಿಕೊಳ್ಳುವ ಬಗೆ. ಹೈಪೊವನ್ನು ಸರಿಯಾಗಿ ತೊಳೆಯದ ಚಿತ್ರಗಳು ಹಳದಿಯಾಗುತ್ತವೆ. ಅದಕ್ಕೆ ಮನೆಯಲ್ಲಿ ಮಾಡುವ ಮದ್ದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಲು ಹೋಗಬಾರದು. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಎಳೆದು ಕೀಳಬಾರದು, ಗಾಜಿನೊಡನೆಯೇ ಪ್ರತಿ ತೆಗೆಸಬೇಕು. ಅಂಟಿನ ಹಾಳೆಯ ಆಲ್ಬಮ್ಮು, ಸೆಲೋಟೇಪು ಇವೆರಡೂ ಹಳೆಯ ಚಿತ್ರಕ್ಕೆ ಶತ್ರು. ಅಡುಗೆಮನೆಗೆ ಹೊಂದಿದ ಗೋಡೆ, ಸೋರುವ ಮಾಳಿಗೆ, ಬಿಸಿಲು ಬೀಳುವ ಕಿಟಕಿ ಬೇಡ. ನೆಗೆಟಿವ್‌ಗಳಿಂದ ವಿನೆಗರಿನಂತಹ ಹುಳಿವಾಸನೆ ಬರುತ್ತಿದ್ದರೆ ಅವು ಕೆಡತೊಡಗಿವೆ ಎಂದರ್ಥ. ಉಳಿದವುಗಳಿಂದ ಬೇರೆಯಿಟ್ಟು ಬೇಗ ಪ್ರತಿ ಮಾಡಿಸಬೇಕು. ಹಿರಿಯರ ಪಟಕ್ಕೆ ಕುಂಕುಮ ಹಚ್ಚಿ ಊದುಬತ್ತಿಯ ಹೊಗೆ ಹಿಡಿಸುವ ಭಕ್ತಿ ದೊಡ್ಡದು, ಕಾಗದದ ಮೈ ಸಣ್ಣದು. ಪ್ರತಿಯೊಂದನ್ನು ಮಾಡಿಸಿ ಅದಕ್ಕೆ ಪೂಜೆ ಸಲ್ಲಿಸಿದರೆ ಹಿರಿಯರು ಕೋಪಿಸಿಕೊಳ್ಳಲಾರರು. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಮ್ಮಕ್ಕಳ ಮೊಬೈಲಿನಲ್ಲಿಯೇ ಪ್ರತಿ ತೆಗೆಯಬಹುದು. ಅದೇ ಮೊಬೈಲಿನಲ್ಲಿ ಇಂದಿನ ಮಗುವಿನ ಸಾವಿರ ಚಿತ್ರಗಳಿವೆ, ಬಹುಪಾಲು ಆಟ ನಿಲ್ಲಿಸಿ ‘ಇಲ್ಲಿ ನೋಡು’ ಎಂದು ತೆಗೆದವು. ಸ್ಟುಡಿಯೋದ ಸ್ಟೂಲು ಈಗ ಮನೆಯೊಳಗೇ ಬಂದಿದೆ. ಅವುಗಳನ್ನು ಅಪರಿಚಿತರ ಕಣ್ಣಿಗೆಲ್ಲ ಹಂಚುವುದಕ್ಕಿಂತ ಒಂದು ಸಂಜೆ ದೂರ ನಿಂತು, ಕರೆಯದೆ, ಅದರ ಆಟದ ಒಂದೆರಡು ಚಿತ್ರ ತೆಗೆದು ಕಾಗದಕ್ಕಿಳಿಸಿ ಇಡುವುದು ಲೇಸು.

ಎಲ್ಲಕ್ಕಿಂತ ಮೊದಲ ಕೆಲಸ ಹೆಸರಿನದು. ಚಿತ್ರವನ್ನು ಬೋರಲಾಗಿ ಗಟ್ಟಿಯಾದ ಸಮತಲದ ಮೇಲಿಟ್ಟು, ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆಯಬೇಕು. ಪೆನ್ನಿನ ಶಾಯಿ ಮುಂಬದಿಗೆ ಇಳಿಯುತ್ತದೆ. ಊರು, ಓಣಿ, ಸುಮಾರು ಯಾವ ವರ್ಷ, ಎಡದಿಂದ ಬಲಕ್ಕೆ ಯಾರು ಯಾರು. ಹಡಗಲಿ ಕಡೆಯ ಆ ಚಿತ್ರದ ಹಿಂದೆ ಮೊಮ್ಮಗಳು ನಮ್ಮೆದುರಿಗೇ ಮೂರು ಹೆಸರು ಬರೆದಳು. ನಾಲ್ಕನೆಯದಕ್ಕೆ ಜಾಗ ಬಿಟ್ಟಿದ್ದಾಳೆ. ಆ ಹುಡುಗ ಇದ್ದರೆ ಈಗ ಅರವತ್ತೈದು ಎಪ್ಪತ್ತರ ಹಿರಿಯ; ಕೆಳಗಿನ ಕೇರಿಯಲ್ಲಿ ಬೆಂಡಿನ ತೇರು ಕಟ್ಟುತ್ತಿದ್ದವರು ಯಾರೆಂದು ಕೇಳಿಬರಲು ಅವಳು ಹೋಗಬೇಕೆಂದಿದ್ದಳು. ಒಬ್ಬಳೇ ಹೋಗಬೇಡ, ಅಜ್ಜಿಯನ್ನೂ ಕರೆದುಕೊಂಡು ಹೋಗು ಎಂದು ಹೇಳಿ ಬಂದೆವು.